ನಾನು ನಕಲು ಮಾಡದ ಗಡಿಯಾರ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಎಲ್ಲರ ದನಿ ನಕಲು ಮಾಡಿ ನಗಿಸುತ್ತಿದ್ದವನು, ಒಬ್ಬರ ಕೆಲಸವನ್ನೂ ಹಾಗೇ ನಕಲು ಮಾಡಬಹುದು ಅಂದುಕೊಂಡೆ. ಕೋತಿಗೆ ಕಂಪ್ಯೂಟರ್ ಸಿಕ್ಕಿತ್ತು.

ತೊಂಬತ್ತರ ದಶಕದ ಕೊನೆ. ಯೆರವಡಾದಲ್ಲಿ ಬೇಕರಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಂಪನಿ. ಉಡುಪಿ ಕಡೆಯವರ ಹೋಟೆಲುಗಳಿಗೆ ಬಿಲ್ ಮಾಡುವ ಸಣ್ಣ ಪ್ರೋಗ್ರಾಂ ಮಾರುತ್ತಿದ್ದೆವು. ಏನಾದರೂ ತಿದ್ದಿದರೆ ಮತ್ತೆ ಕಂಪೈಲ್ ಮಾಡಿ, ಅಂದರೆ ಬರೆದದ್ದನ್ನು ಓಡುವ ಪ್ರೋಗ್ರಾಮಾಗಿ ಮಾಡಿಸಿ, ಫ್ಲಾಪಿಗೆ ಹಾಕಿ ಕಳಿಸಬೇಕು. ಅದು ಗದಗಿನ ಕಡೆಯ ಹಿರಿಯರೊಬ್ಬರ ಕೈಕೆಲಸ. ನಾನು ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕೂ ಅನ್ನುತ್ತಿದ್ದೆ. ಒಂದೊಂದು ಕಮಾಂಡಿಗೂ "ಇದಾತು. ಮುಂದ ಇದು" ಎಂದು ಗೊಣಗುವರು. ಕೊನೆಗೆ ತಲೆಯೆತ್ತಿ ಗೋಡೆ ನೋಡಿ, "ಶಿವಾ" ಎಂದು ಉಸಿರುಬಿಟ್ಟು ಫ್ಲಾಪಿ ತುರುಕುವರು. ಚಹಾದ ಹೊತ್ತಿಗೆ ನಾನು ಅದನ್ನು ಮಾಡಿ ತೋರಿಸಿದರೆ ಅವರೂ ನಗುತ್ತಿದ್ದರು.

ಆ ವರ್ಷ ಕಾಕೂಗೆ ಹೃದಯದ ಆಪರೇಷನ್ ಎಂದಾಯಿತು. ಕಾಕಾ ರಜೆ ಕೇಳಿದರು. ನಮ್ಮ ಸಾಹುಕಾರರು, ಅಪ್ಪನ ಕಾಳುಕಡಿ ಅಂಗಡಿ ಬಿಟ್ಟು ಈ ಧಂದೆಗೆ ಇಳಿದವರು, ನೀವಿಲ್ಲದೆ ಫ್ಲಾಪಿ ತಯಾರಾಗುವುದಾದರೆ ಹೋಗಿ ಎಂದರು. ನಾನಿದ್ದೇನಲ್ಲ ಎಂದು ಮುಂದೆ ಬಂದೆ. ಕಾಕಾನ ಕಮಾಂಡುಗಳನ್ನೆಲ್ಲ ಸಾಲಾಗಿ ಒಂದು ಫೈಲಿಗೆ ಹಾಕಿದೆ. ಅದರ ಹೆಸರು ಹೊಡೆದರೆ ಸಾಕು, ಒಂದಾದ ಮೇಲೊಂದು ತಾನೇ ನಡೆಯುತ್ತಿತ್ತು. ನಡುನಡುವೆ ತೆರೆಯ ಮೇಲೆ "ಇದಾತು" ಎಂದೂ ಕೊನೆಗೆ "ಶಿವಾ" ಎಂದೂ ಮೂಡುತ್ತಿತ್ತು. ಒಮ್ಮೆ ಓಡಿಸಿ ತೋರಿಸಿದೆ. ಕಾಕಾ ನಕ್ಕು, ನನ್ನ ಬೆನ್ನು ತಟ್ಟಿ, ಆಸ್ಪತ್ರೆಗೆ ಹೋದರು.

ಆಪರೇಷನ್ ದಿನವೇ ಒಂದು ಹೋಟೆಲಿನಲ್ಲಿ ಈ ಮೇಜಿನ ಬಿಲ್ಲು ಆ ಮೇಜಿಗೆ ಹೋಗತೊಡಗಿತು. ತಿದ್ದಿದೆ, ಫೈಲ್ ಓಡಿಸಿದೆ, ಫ್ಲಾಪಿ ಕಳಿಸಿದೆ. ಹೋಟೆಲಿನವರ ಫೋನು: ಮತ್ತದೇ ಗೋಳು. ಇನ್ನೊಂದು ಕಳಿಸಿದೆ. ಅದೂ ಹಾಗೇ. ಸಾಹುಕಾರರು ಆಸ್ಪತ್ರೆಗೆ ಫೋನ್ ಮಾಡಿದರು. ಕಾಕೂನನ್ನು ಆಗಷ್ಟೇ ಒಳಗೆ ಕರೆದೊಯ್ದಿದ್ದರಂತೆ. ಕಾಕಾ ರಿಕ್ಷಾ ಹಿಡಿದು ಬಂದರು. ಕಾಕೂನ ಬಿಚ್ಚಿಸಿದ ಬಳೆಗಳು ಕರವಸ್ತ್ರದ ಗಂಟಿನಲ್ಲಿ ಅವರ ಕೈಯಲ್ಲೇ ಇದ್ದವು.

"ನೀವು ಮಾಡಿಧಂಗ ಮಾಡೀನ್ರಿ ಕಾಕಾ, ಒಂದೂ ಬಿಟ್ಟಿಲ್ಲ," ಎಂದೆ.

ಅವರು ತೆರೆಯಲ್ಲಿ ಪ್ರೋಗ್ರಾಮಿನ ಪಕ್ಕದಲ್ಲಿ ಅದು ತಯಾರಾದ ತಾರೀಖು, ಗಂಟೆ ತೋರಿಸಿದರು. ಹಿಂದಿನ ವಾರದ್ದು. ನನ್ನ ತಿದ್ದುಪಡಿಯಲ್ಲೇ ತಪ್ಪಿತ್ತು, ಕಂಪೈಲ್ ಆಗಿರಲೇ ಇಲ್ಲ. ನನ್ನ ಫೈಲು ಅಲ್ಲಿ ನಿಲ್ಲದೆ ಮುಂದೆ ಹೋಗಿ, ಹಳೆಯ ಪ್ರೋಗ್ರಾಮನ್ನೇ ಫ್ಲಾಪಿಗೆ ಸುರಿದಿತ್ತು. ಕಾಕಾ ಅಷ್ಟು ವರ್ಷ ಗೋಡೆಯ ಮೇಲೆ ನೋಡುತ್ತಿದ್ದದ್ದು ಗಡಿಯಾರವನ್ನು, ಪ್ರೋಗ್ರಾಂ ಈಗ ಆದದ್ದೇ ಹೌದೋ ಎಂದು ತಾಳೆ ನೋಡಲು. ನಾನು ಶಿವನನ್ನು ಹಿಡಿದುಕೊಂಡು ಗಡಿಯಾರವನ್ನು ಬಿಟ್ಟಿದ್ದೆ.

"ಮೊದಲ ಹಳೇದನ್ನ ಅಳಸೂ ಹಂಗ ಬರಿ," ಎಂದರು. "ಹೊಸದು ಆಗಲಿಲ್ಲಂದ್ರ ಕಳಸಾಕ ಏನೂ ಇರಬಾರದು."

ಬರೆದೆ, ಓಡಿಸಿದೆ. ಈ ಸಲ ಹಳೆಯದು ಅಳಿಸಿಹೋಗಿದ್ದರಿಂದ ಫ್ಲಾಪಿಗೆ ಹಾಕಲು ಏನೂ ಸಿಗದೆ ನಿಂತಿತು. ನನ್ನ ತಪ್ಪನ್ನು ತಿದ್ದಿದ ಮೇಲೆ ಹೊಸ ಪ್ರೋಗ್ರಾಂ ಆಯಿತು. ತೆರೆಯ ಮೇಲೆ "ಶಿವಾ" ಎಂದು ಬಂದಾಗ ಯಾರೂ ನಗಲಿಲ್ಲ.

ಈ ಹುಡುಗನ ಆಟ ಸಾಕು, ನಾಳೆಯಿಂದ ನೀವೇ ಬಂದು ಕೈಯಾರೆ ಮಾಡಿ, ರಜೆ ಆಮೇಲೆ ನೋಡೋಣ ಎಂದರು ಸಾಹುಕಾರರು. ಕಾಕಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ತಿರುಗಿಯೂ ನೋಡಲಿಲ್ಲ.

"ಫ್ಲಾಪಿಗೆ ಇನ್ನ ಇವ ಸಾಕ್ರಿ. ಅಲ್ಲೆ ಆಕಿ ಕಣ್ಣು ತಗದಾಗ ನನ್ನ ಬದಲಿ ಇವನ್ನ ನಿಂದ್ರಸಾಕ ಬರೂದಿಲ್ಲ. ಇವನ ಕಡೆ ಬರೇ ನನ್ನ ದನಿ ಅದ."