ಸಡಿಲ ಹಗ್ಗ

ಗಾಡಿ ಓಡಿಸುವುದೂ ಅದನ್ನು ಶರತ್ತಿಗೆ, ಅಂದರೆ ಪಂದ್ಯಕ್ಕೆ, ಬಿಡುವುದೂ ಒಂದೇ ಎಂದು ಯಾರಾದರೂ ಅಂದರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಎರಡರಲ್ಲೂ ಎತ್ತು ಓಡುತ್ತವೆ, ಎರಡರಲ್ಲೂ ಧೂಳು ಏಳುತ್ತದೆ, ದೂರ ನಿಂತು ನೋಡಿದವರಿಗೆ ಬೇರೆ ಏನು ಕಂಡೀತು? ನಾನು ಒಂದು ಜೋಡಿಯನ್ನು ಎರಡು ವರ್ಷ ಸುಮ್ಮನೆ ಓಡಿಸಿದವಳು. ಯಾರನ್ನೂ ಹಿಂದೆ ಹಾಕಲಿಕ್ಕಲ್ಲ, ಯಾರಿಗೂ ತೋರಿಸಲಿಕ್ಕಲ್ಲ. ನನ್ನ ಅಣ್ಣ ಅದೇ ಜೋಡಿಯನ್ನು ಒಂದೇ ಒಂದು ದಿನ ಶರತ್ತಿಗೆ ಬಿಟ್ಟ. ಆ ದಿನದ ಬಗ್ಗೆ ಊರವರು ಬಾಯಿಗೆ ಬಂದಂತೆ ಆಡಿಕೊಂಡಿದ್ದಾರೆ. ನನ್ನ ಪಾಲಿನದನ್ನು ಮಾತ್ರ ಯಾರೂ ಆಡಲಿಲ್ಲ, ಯಾಕೆಂದರೆ ಅದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಊರು ದೇವಣಿಯಿಂದ ಉದಗೀರಕ್ಕೆ ಹೋಗುವ ಹಾದಿಯ ಮಗ್ಗುಲಲ್ಲಿ. ಆಗ ನಿಜಾಮರ ಆಳ್ವಿಕೆ. ಕಚೇರಿಯ ಕಾಗದ ಉರ್ದುವಿನಲ್ಲಿ, ಸಂತೆಯ ಮಾತು ಮರಾಠಿಯಲ್ಲಿ, ಮನೆಯೊಳಗಿನ ಜಗಳ ಕನ್ನಡದಲ್ಲಿ. ನನ್ನನ್ನು ನಿಲಂಗಾ ಕಡೆ ಕೊಟ್ಟಿದ್ದರು. ಹತ್ತೊಂಬತ್ತಕ್ಕೆ ಗಂಡ ಪ್ಲೇಗಿನಲ್ಲಿ ಹೋದ, ನಾನು ಒಂದು ಗಂಟು ಹಿಡಿದುಕೊಂಡು ತವರಿಗೆ ಬಂದೆ. ಅಪ್ಪನಿಗೆ ದಮ್ಮಿನ ಬೇನೆ, ನಾಲ್ಕು ಹೆಜ್ಜೆಗೆ ಕೂತುಬಿಡುತ್ತಿದ್ದ. ಅಣ್ಣ ಉದಗೀರದಲ್ಲಿ ಸೋದರಮಾವನ ಕಾಳಿನ ಅಂಗಡಿಯಲ್ಲಿ ತಕ್ಕಡಿ ಹಿಡಿದಿದ್ದ. ಹೊಲಕ್ಕೆ ಗೊಬ್ಬರ ಹೊಡೆಯುವವರು ಯಾರು? ನಾನೇ ಹೊಡೆದೆ. ವಿಧವೆ ಗಾಡಿ ಹೊಡೆಯುತ್ತಾಳೆ ಎಂದು ಓಣಿಯ ಹೆಂಗಸರು ಮೂಗು ಮುರಿದರು. ಅವರ ಮೂಗು, ಮುರಿದುಕೊಳ್ಳಲಿ ಎಂದು ಬಿಟ್ಟೆ.

ಎತ್ತುಗಳು ದೇವಣಿ ತಳಿಯವು. ಒಂದು ಅಚ್ಚ ಬಿಳಿ. ಇನ್ನೊಂದರ ಮೈ ಬಿಳಿ, ಮುಖ ಮಾತ್ರ ಕಪ್ಪು. ಬಿತ್ತನೆ ಇಲ್ಲದ ದಿನಗಳಲ್ಲಿ ಕಟ್ಟಿದ ಜಾಗದಲ್ಲೇ ಮೈ ಬೆಳೆಸುತ್ತ ಗೂಟ ಕೀಳುತ್ತಿದ್ದವು. ಅದಕ್ಕೇ ಬೆಳಿಗ್ಗೆ ಹಗುರ ಛಕ್ಕಡಿಗೆ ಹೂಡಿ ಹಳ್ಳದ ದಂಡೆಯ ಗಟ್ಟಿ ಹಾದಿಯಲ್ಲಿ ಓಡಿಸತೊಡಗಿದೆ. ಆ ಕಡೆಯ ಜಾಲಿ ಮರದ ತನಕ ಹೋಗುವುದು, ತಿರುಗಿ ಬರುವುದು. ಅಷ್ಟೇ.

ಓಡುವ ದೇವಣಿ ಜೋಡಿಯನ್ನು ನಿಲ್ಲಿಸಲಿಕ್ಕೆ ಗಂಡಸರು ಹಿಂದಕ್ಕೆ ಒರಗಿ ಹಗ್ಗ ಜಗ್ಗುತ್ತಾರೆ. ಮೂಗುದಾರ ಮಾಂಸಕ್ಕೆ ಒತ್ತಿದಾಗ ನೋವಿಗೆ ಎತ್ತು ನಿಲ್ಲುತ್ತದೆ. ನನ್ನ ತೋಳಿನಲ್ಲಿ ಅಷ್ಟು ಕಸುವು ಇರಲಿಲ್ಲ. ಮೊದಲ ತಿಂಗಳು ಅವು ನನ್ನನ್ನು ತಮಗೆ ಬೇಕಾದಲ್ಲಿಗೆ ಒಯ್ದವು, ಒಮ್ಮೆ ಮುಳ್ಳುಕಂಟಿಯೊಳಗೂ. ಆಮೇಲೆ ನಾನು ಉಲ್ಟಾ ಕಲಿಸಿದೆ. ಜಾಲಿ ಮರದ ಕೆಳಗೆ ಮೊದಲೇ ಒಂದು ಬುಟ್ಟಿ ಹತ್ತಿಕಾಳು ಇಟ್ಟು ಬರುತ್ತಿದ್ದೆ. ಓಡುವಷ್ಟು ಹೊತ್ತು ಹಗ್ಗ ಹದವಾಗಿ ಬಿಗಿ. ಬುಟ್ಟಿ ಹತ್ತಿರ ಬಂತೆಂದರೆ ಹಗ್ಗ ಪೂರಾ ಸಡಿಲ. ಹತ್ತಿಕಾಳಿನ ಆಸೆಗೆ ತಾವೇ ನಿಲ್ಲುತ್ತಿದ್ದವು. ಬರಬರುತ್ತ ಬುಟ್ಟಿಯ ಜಾಗ ಬದಲಿಸಿದೆ, ಕೊನೆಗೆ ಬುಟ್ಟಿಯನ್ನೇ ಬಿಟ್ಟು ಸೆರಗಿನಲ್ಲಿ ಒಂದು ಹಿಡಿ ಕಾಳು ಕಟ್ಟಿಕೊಂಡೆ. ಭಾರ ಎಳೆಯುತ್ತ ನಡೆಯುವಾಗ ಹಗ್ಗ ಹೇಗಿದ್ದರೂ ನಡೆಯುತ್ತಿದ್ದವು. ಓಟದಲ್ಲಿ ಮಾತ್ರ, ಹಗ್ಗ ಸಡಿಲಾದ ಕ್ಷಣ, ಎಷ್ಟೇ ಜೋರಿನಲ್ಲಿದ್ದರೂ ನಾಲ್ಕು ಹೆಜ್ಜೆಯೊಳಗೆ ನಿಂತು ಕತ್ತು ಹೊರಳಿಸಿ ನನ್ನನ್ನು ನೋಡುತ್ತಿದ್ದವು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಕೇಳುವವರಾದರೂ ಯಾರಿದ್ದರು?

ಆ ಹಾದಿಯಲ್ಲಿ ನನಗೆ ಕಾಣುತ್ತಿದ್ದುದು ಎದುರಿನ ನಾಲ್ಕು ಕಿವಿ ಮಾತ್ರ. ಕಿವಿ ಹಿಂದಕ್ಕೆ ಬಾಗಿದರೆ ದಣಿದಿವೆ, ನೆಟ್ಟಗಿದ್ದರೆ ಇನ್ನೂ ಓಡುವ ಮನಸ್ಸಿದೆ. ಕಪ್ಪು ಮುಖದ್ದು ಮೊದಲು ದಣಿಯುತ್ತಿತ್ತು, ಬಿಳಿಯದು ಅದಕ್ಕಾಗಿ ತಾನೇ ಓಟ ಇಳಿಸುತ್ತಿತ್ತು. ನಾನು ಅವುಗಳ ದಮ್ಮು ಕೇಳುತ್ತ ಬರುತ್ತಿದ್ದೆ. ಗಂಡ ಸತ್ತ ಮೇಲೆ ನಾನು ನಕ್ಕದ್ದು ಆ ಛಕ್ಕಡಿಯ ಮೇಲೆಯೇ, ಅದನ್ನು ಹೇಳಲಿಕ್ಕೆ ನನಗೆ ನಾಚಿಕೆಯಿಲ್ಲ.

ಅಣ್ಣ ಮನೆಗೆ ಬಂದದ್ದು ಎರಡನೆಯ ವರ್ಷ, ಬಿಳಿಜೋಳದ ರಾಶಿ ಮುಗಿದ ಮೇಲೆ. ಬಂದವನ ಮುಖ ಸಪ್ಪಗಿತ್ತು. ಉಮರ್ಗಾದಲ್ಲಿ ಒಂದು ಹೆಣ್ಣು ನೋಡಿದ್ದರು, ಅವನಿಗೂ ಮನಸ್ಸಾಗಿತ್ತು. ಹೆಣ್ಣಿನ ತಂದೆ ಹೊಲಮನೆಯವರು. ತಕ್ಕಡಿ ಹಿಡಿದ ಕೈ ಬಾರಕೋಲು ಹಿಡಿದೀತೇ ಎಂದು ನಾಲ್ಕು ಜನರ ಎದುರು ನಕ್ಕಿದ್ದರಂತೆ. ನಿಲಂಗಾ ಹತ್ತಿರ ಒಬ್ಬ ಪಾಟೀಲರ ಬೀಳು ಹೊಲದಲ್ಲಿ ಗಾಡಿ ಶರತ್ತು ಇತ್ತು. ಅದನ್ನು ನೋಡಲಿಕ್ಕೆ ಆ ಹಿರಿಯರೂ ಬರುವವರಿದ್ದರು. ಅಣ್ಣನ ತಲೆಯಲ್ಲಿ ಏನಿತ್ತೆಂದು ಅವನು ಬಾಯಿ ಬಿಡುವ ಮೊದಲೇ ನನಗೆ ತಿಳಿಯಿತು.

"ತಂಗಿ, ಜೋಡಿ ನಾ ನಿಲಂಗಾಕ್ಕ ಒಯ್ತೀನಿ. ಶರತ್ತಿಗಿ ಬಿಡಾಂವ ಇದ್ದೀನಿ," ಅಂದ.

"ಅವು ಶರತ್ತಿನ ಎತ್ತಲ್ಲಣ್ಣ. ಮಗ್ಗಲಾಗ ಇನ್ನೊಂದು ಗಾಡಿ ಓಡಿದ್ದು ಅವು ನೋಡೇ ಇಲ್ಲ. ಬಾರಕೋಲಿನ ಏಟು ತಿಂದಿಲ್ಲ."

"ಎರಡು ವರ್ಸ ಆತು ಓಡಸ್ಲಿಕತ್ತು ಅಂತ ಅಪ್ಪ ಹೇಳ್ಯಾನ. ಓಡ್ತಾವೊ ಇಲ್ಲೊ?"

"ಓಡ್ತಾವ. ಓಡೋದು ಬ್ಯಾರೆ, ಶರತ್ ಬ್ಯಾರೆ."

ಅವನು ನಕ್ಕ. "ನಿಂದೇನ್ ಓಟ? ಜಾಲಿ ಗಿಡಕ್ಕ ಹೋಗಿ ಬರಾದು ಓಟೇನ? ಯಾರ್ ಮುಂದ, ಯಾರ್ ಹಿಂದ?"

"ಯಾರೂ ಇಲ್ಲ. ಅದಕ್ಕೇ ಅದು ಚಂದ."

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ನಾನು ಸುಮ್ಮನಿರುವವಳಲ್ಲ. ಹೆಣ್ಣಿನ ಅಪ್ಪನಿಗೆ ತೋರಿಸುವುದಿದ್ದರೆ ನಿನ್ನ ಕಸುವು ತೋರಿಸು, ನನ್ನ ಎತ್ತಿನದಲ್ಲ ಎಂದೆ. ಅವನ ಮುಖ ಕೆಂಪಾಯಿತು.

"ನಿನ್ನ ಎತ್ತಾ? ಗಂಡ ಸತ್ತ ಹೆಣ್ಮಗಳು ಛಕ್ಕಡಿ ಮ್ಯಾಲ ನಿಂತು ಹಾದಿಗಿ ಹೋಗೋರಿಗಿ ಮಾರಿ ತೋರಸ್ತಿ. ಊರಾಗ ಏನಂತಾರ ಗೊತ್ತದೇನ್? ನಾ ಇದ್ದಿದ್ರ ಮೊದಲ ದಿನಾನೇ ಇಳಸ್ತಿದ್ದೆ."

ಓಣಿಯವರು ಅಂದದ್ದು ನನಗೆ ತಾಗಿರಲಿಲ್ಲ. ಅದನ್ನೇ ಅವನು ಅಂದಾಗ ತಾಗಿತು. ಅಪ್ಪ ಮಂಚದ ಮೇಲೆ ಕೆಮ್ಮುತ್ತ ಗೋಡೆಯ ಕಡೆ ಹೊರಳಿದ. ನಾನು ಒಳಗೆ ಹೋಗಿ ಹಿಟ್ಟು ನಾದುತ್ತ ಕೂತೆ.

ಮರುದಿನ ಬೆಳಿಗ್ಗೆ ಅವನು ಹಳ್ಳದ ದಂಡೆಯಲ್ಲಿ ಒಮ್ಮೆ ಓಡಿಸಿ ನೋಡಿದ. ಎಲ್ಲ ಗಂಡಸರ ಹಾಗೆ ಹಗ್ಗವನ್ನು ಎರಡೂ ಕೈಗೆ ಸುತ್ತಿ ಬಿಗಿ ಹಿಡಿದಿದ್ದ, ಬಾರಕೋಲನ್ನು ಕಾಲ ಬಳಿ ಇಟ್ಟಿದ್ದ. ಎತ್ತು ಬಾಣದ ಹಾಗೆ ಹೋದವು. ನಿಲ್ಲಿಸಲಿಕ್ಕೆ ಜಗ್ಗಿದ, ಜಗ್ಗಿದ, ಜಾಲಿ ಮರ ದಾಟಿ ಬಹಳ ದೂರ ಹೋದ ಮೇಲೆ ನಿಂತವು. ಬಿಳಿಯದರ ಮೂಗಿನಿಂದ ರಕ್ತ ಬಂದಿತ್ತು.

"ಬಾಳ ಜೋರ್ ಅವ. ನಿಲ್ಲಾದೇ ಇಲ್ಲ," ಎಂದು ಖುಷಿಯಿಂದ ಇಳಿದ. ನನ್ನನ್ನು ನೋಡಿ, "ಏನರ ಹೇಳಾದದೇನ್?" ಎಂದು ಕೇಳಿದ.

ಮಾತು ನಾಲಿಗೆಯ ತುದಿಯಲ್ಲಿತ್ತು. ಶರತ್ತಿನಲ್ಲಿ ಹಿಂದೆ ಬಿದ್ದು, ಉಮರ್ಗಾದ ಹಿರಿಯರ ಎದುರು ಎತ್ತು ತಾವಾಗಿ ನಿಂತು, ಇವನ ಮೀಸೆ ಇಳಿಯಲಿ ಎಂದು ನನ್ನ ಹೊಟ್ಟೆಯೊಳಗೆ ಒಂದು ಕೆಟ್ಟ ಆಸೆ ಎದ್ದಿತ್ತು. ಅವಮಾನ ಆಗಲಿ ಎಂದಷ್ಟೇ ಬಯಸಿದ್ದೆ. ಅದಕ್ಕಿಂತ ಹೆಚ್ಚಿನದು ನನಗೆ ಹೊಳೆಯಲಿಲ್ಲ, ಯಾಕೆಂದರೆ ಬೆನ್ನ ಹಿಂದೆ ಇನ್ನೊಂದು ಗಾಡಿ ಬರುತ್ತಿರುವಾಗ ನಾನು ಎಂದೂ ಓಡಿಸಿದವಳಲ್ಲ.

"ಏನಿಲ್ಲ," ಅಂದೆ.

ಎತ್ತು ನನ್ನ ಕೈಯಿಂದಲೇ ಮೇವು ತಿನ್ನುತ್ತಿದ್ದವು, ಅದಕ್ಕೇ ಅಪ್ಪ ನನ್ನನ್ನೂ ಜೊತೆಗೆ ಕಳಿಸಿದ. ಇಡೀ ದಿನದ ಹಾದಿ. ಅಣ್ಣ ಮುಂದೆ, ನಾನು ಮೇವಿಗೆಂದು ತಂದ ಜೋಳದ ಕಣಿಕೆಯ ಸಿವುಡಿನ ಮೇಲೆ ಹಿಂದೆ, ಕಣ್ಣ ಮುಂದೆ ಅವನ ಬೆನ್ನು. ಮಧ್ಯಾಹ್ನ ಒಂದು ಬಾವಿಯ ಹತ್ತಿರ ರೊಟ್ಟಿ ಬಿಚ್ಚಿದಾಗ ಅವನು ಶೇಂಗಾ ಚಟ್ನಿಪುಡಿಯ ದೊಡ್ಡ ಪಾಲು ನನ್ನ ರೊಟ್ಟಿಯ ಮೇಲೆ ಹಾಕಿದ. "ಮೊನ್ನಿ ಮಾತು ಜಾಸ್ತಿ ಆತು ತಂಗಿ. ಮನಸಿನ್ಯಾಗ ಇಟ್ಕೋಬ್ಯಾಡ," ಅಂದ. ನಾನು ರೊಟ್ಟಿ ಮುರಿಯುತ್ತ ತಲೆ ಅಲ್ಲಾಡಿಸಿದೆ. ನಾಳೆ ಹೊತ್ತು ಮೂಡಿದ ಮೇಲೆ ಹೇಳಿದರಾಯಿತು, ಇವತ್ತೊಂದು ದಿನ ನನ್ನೆದುರು ಇನ್ನೂ ಸ್ವಲ್ಪ ತಗ್ಗಿಯೇ ಇರಲಿ ಎಂದುಕೊಂಡೆ. ಹೇಳಲಿಕ್ಕೆ ಹೊತ್ತು ಸಿಗಲಿಲ್ಲ ಎಂದು ಆಮೇಲೆ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊತ್ತು ಬೇಕಾದಷ್ಟಿತ್ತು.

ಬೆಳಿಗ್ಗೆ ನೋಡಿದರೆ ಬೀಳಿನ ತುಂಬ ಜನ. ಪಾಟೀಲರ ಆಳುಗಳು ನಸುಕಿನಲ್ಲೇ ಜೋಡಿಗಳನ್ನು ಒಯ್ದು ಓಟ ಶುರುವಾಗುವ ಸುಣ್ಣದ ಗೆರೆಯ ಹತ್ತಿರ ಕಟ್ಟಿದ್ದರು, ಅಣ್ಣನೂ ಅವರ ಜೊತೆ ಹೋಗಿಬಿಟ್ಟಿದ್ದ. ಅಲ್ಲಿಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ನಾನು ಬೇಲಿಯ ಆಚೆ ಬೇರೆ ಹೆಂಗಸರ ನಡುವೆ ನಿಂತೆ. ಓಟದ ಹಾದಿಯ ಎರಡೂ ಕಡೆ ಗಂಡಸರು ಗೋಡೆ ಕಟ್ಟಿದ ಹಾಗೆ ನಿಂತು ಘಾಸಲೇಟ್ ಎಣ್ಣೆಯ ಖಾಲಿ ಡಬ್ಬಿ ಬಡಿಯುತ್ತಿದ್ದರು. ನನ್ನ ಎತ್ತು ಅಷ್ಟು ಸದ್ದನ್ನು ಎಂದೂ ಕೇಳಿರಲಿಲ್ಲ. ಅವುಗಳ ಕಿವಿ ನನಗೆ ಅಷ್ಟು ದೂರದಿಂದಲೂ ಕಂಡವು, ನೆಟ್ಟಗೂ ಇರಲಿಲ್ಲ, ಬಾಗಿಯೂ ಇರಲಿಲ್ಲ, ಎತ್ತೆತ್ತಲೋ ತಿರುಗುತ್ತಿದ್ದವು. ಆಗ ನನಗೆ ಹೆದರಿಕೆಯಾಯಿತು. "ಅಣ್ಣಾ" ಎಂದು ಕೂಗಿದೆ. ಪಕ್ಕದ ಹೆಂಗಸು ತಿರುಗಿ ನೋಡಿದಳು, ಅಷ್ಟೇ.

ನಾಲ್ಕು ಗಾಡಿ ಒಟ್ಟಿಗೆ ಬಿಟ್ಟರು. ಅಣ್ಣನ ಗಾಡಿ ಮೊದಲೇ ಮುಂದೆ ಬಂತು. ಅವನ ಹಿಂದೆಯೇ, ಅರ್ಧ ಮಾರು ಅಂತರದಲ್ಲಿ, ಲೋಹಾರಾ ಕಡೆಯವರ ಒಂದು ಜೋಡಿ. ಜನ "ಹಾಣ್, ಹಾಣ್!" ಎಂದು ಮರಾಠಿಯಲ್ಲಿ ಚೀರುತ್ತಿದ್ದರು, ಹೊಡಿ ಹೊಡಿ ಎಂದು. ಅಣ್ಣ ಎತ್ತಿನ ಕಡೆ ನೋಡುತ್ತಿರಲಿಲ್ಲ. ಕತ್ತು ಹೊರಳಿಸಿ ಹಿಂದಿನ ಗಾಡಿಯನ್ನು ನೋಡಿದ. ಓಟ ಮುಗಿಯುವ ಗೆರೆ ಹತ್ತಿರವಿತ್ತು. ಹಾಗೇ ಬಂದಿದ್ದರೂ ಗೆಲ್ಲುತ್ತಿದ್ದ. ಆದರೂ ಬಾರಕೋಲು ಎತ್ತಿಕೊಂಡ. ಅದನ್ನು ಬೀಸಬೇಕಾದರೆ ಹಗ್ಗ ಒಂದೇ ಕೈಗೆ ಬರಬೇಕು. ಬಂತು. ಹಗ್ಗ ಸಡಿಲಾಯಿತು.

ನನ್ನ ಎತ್ತು ನಿಂತವು. ಬೆನ್ನಿನ ಮೇಲೆ ಏಟು ಬಿದ್ದರೂ, ಸುತ್ತ ಅಷ್ಟು ಗದ್ದಲವಿದ್ದರೂ, ನಾನು ಕಲಿಸಿದ ಹಾಗೆ ನಾಲ್ಕು ಹೆಜ್ಜೆಯೊಳಗೆ ನಿಂತು ಕತ್ತು ಹೊರಳಿಸಿದವು. ಹಿಂದಿನವನು ಏನು ಮಾಡಿಯಾನು, ಪಾಪ. ಅವನ ಜೋಡಿ ನಮ್ಮ ಛಕ್ಕಡಿಯ ಮೇಲೆಯೇ ಬಂತು. ಅಣ್ಣ ಹಾರಿ ಬಿದ್ದ, ಗಾಲಿ ಅವನ ಸೊಂಟದ ಮೇಲೆ ಹಾಯಿತು. ಕಪ್ಪು ಮುಖದ್ದರ ಹಿಂಗಾಲು ಮುರಿದು ನೊಗದ ಕೆಳಗೆ ಮಡಚಿಕೊಂಡಿತು. ಹಿಂಜಿದ ಹತ್ತಿಯ ಹಾಗೆ ಧೂಳು ನಿಧಾನಕ್ಕೆ ಇಳಿದ ಮೇಲೆ ಎರಡೂ ಜೀವ ಬಿದ್ದಲ್ಲೇ ಇದ್ದದ್ದು ಕಂಡಿತು. ನನ್ನ ಸೆರಗಿನಲ್ಲಿ ಆಗಲೂ ಒಂದು ಹಿಡಿ ಹತ್ತಿಕಾಳು ಇತ್ತು.

ಕಪ್ಪು ಮುಖದ್ದು ಆ ಬೀಳಿನಲ್ಲೇ ಮೂರನೆಯ ದಿನ ಸತ್ತಿತು. ಅಣ್ಣನನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತು ಉದಗೀರದ ದವಾಖಾನೆಗೆ ಒಯ್ದರು. ಜೀವ ಉಳಿಯಿತು, ಸೊಂಟದ ಕೆಳಗೆ ಮಾತ್ರ ಏನೂ ಉಳಿಯಲಿಲ್ಲ. ಉಮರ್ಗಾದವರು ಒಮ್ಮೆ ಬಂದು ನೋಡಿಕೊಂಡು ಹೋದರು, ಮದುವೆಯ ಮಾತು ಅಲ್ಲಿಗೇ ನಿಂತಿತು. ಪಡಸಾಲೆಯಲ್ಲಿ ಅಪ್ಪನ ಮಂಚದ ಮಗ್ಗುಲಿಗೆ ಅವನ ಮಂಚವೂ ಬಂತು. ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ: "ಎತ್ತು ದಗಾ ಮಾಡಿದವು." ನಾನು ಒಲೆಯ ಮುಂದೆ ಕೂತು ಅದನ್ನು ಕೇಳುತ್ತಿದ್ದೆ. ಉಳಿದ ಬಿಳಿಯ ಎತ್ತಿನ ಮುಖ ನೋಡಲಾರೆ, ಮಾರಿಬಿಡಿ ಎಂದ. ನಾನು ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟೆ. ಮೂಕ ಪ್ರಾಣಿ ತಾನೇ, ಅದೇನು ಬಾಯಿ ಬಿಡುತ್ತದೆ?

ಕೊಳ್ಳಲಿಕ್ಕೆ ಬಂದವನು ಯೆಣೆಗೂರಿನವನು. ಓಡಿಸಿ ನೋಡುತ್ತೇನೆಂದು ನಮ್ಮ ಬಿಳಿಯದನ್ನು ತನ್ನ ಎತ್ತಿನ ಜೊತೆ ಹೂಡಿ ಮನೆಯ ಮುಂದಿನ ಬಯಲಿನಲ್ಲಿ ಬಿಟ್ಟ. ಪಡಸಾಲೆಯಿಂದ ಅಣ್ಣನಿಗೆ ಎಲ್ಲ ಕಾಣುತ್ತಿತ್ತು. ಓಡುತ್ತ ಓಡುತ್ತ ಅವನು ಹಗ್ಗ ಸಡಿಲು ಬಿಟ್ಟ. ಬಿಳಿಯದು ಗಕ್ಕನೆ ನಿಂತಿತು. ಅವನು ಇಳಿದು ಬಂದು ಬಾರಕೋಲಿನ ಹಿಡಿಯಿಂದ ಅದರ ಮುಖದ ಮೇಲೆ ಬಾರಿಸಿದ. ಅದು ಕಣ್ಣು ಮುಚ್ಚಿಕೊಂಡು ನಿಂತೇ ಇತ್ತು. ಮತ್ತೆ ಕೈ ಎತ್ತಿದ. ನನಗೆ ತಡೆಯಲಾಗಲಿಲ್ಲ, ಹೊಸ್ತಿಲು ದಾಟಿ ಓಡಿದೆ.

"ಹೊಡೀಬ್ಯಾಡ್ರೀ! ಅದರ ತಪ್ಪಲ್ಲ! ಓಡೂಮುಂದ ಹಗ್ಗ ಬಿಗಿ ಹಿಡೀರಿ, ಸಡಲಾದ್ರ ನಿಲ್ತದ ಅದು. ನಾನೇ ಹಂಗ ಕಲಿಸೀನ್ರೀ, ನಾನೇ!"

ಅವನು ಹಾಗೋ ಎಂದು ಗಾಡಿ ಹತ್ತಿ, ಹಗ್ಗ ಬಿಗಿ ಹಿಡಿದ. ಎತ್ತು ಚಂದಾಗಿ ಓಡಿತು. ಒಯ್ಯುತ್ತೇನೆ ಎಂದ. ನಾನು ತಿರುಗಿ ನೋಡಿದೆ. ಅಣ್ಣ ಮೊಣಕೈ ಊರಿ ಅರ್ಧ ಎದ್ದು ಕೂತಿದ್ದ.

"ನನಗ್ಯಾಕ ಹೇಳ್ಲಿಲ್ಲ ತಂಗಿ?"

ಗುರುತಿಲ್ಲದ ಒಬ್ಬನಿಗೆ, ಎತ್ತಿಗೆ ಎರಡು ಏಟು ತಪ್ಪಲಿ ಎಂದು ಅಂಗಳದಲ್ಲಿ ನಿಂತು ಚೀರಿ ಹೇಳಿದ್ದನ್ನು, ನಾನು ಅಣ್ಣನಿಗೆ ಹೇಳಿರಲಿಲ್ಲ.

ಅವನು ಆಮೇಲೆ ಹನ್ನೊಂದು ವರ್ಷ ಬದುಕಿದ. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ಎತ್ತು ದಗಾ ಮಾಡಿದವು ಎಂದು ಯಾರ ಮುಂದೆಯೂ ಹೇಳಲಿಲ್ಲ. ನಿಜ ಏನೆಂದು ಊರಿನ ಯಾರಿಗೂ ಹೇಳಲಿಲ್ಲ. ಅವನನ್ನು ತೊಳೆಯುವುದು, ಉಣಿಸುವುದು, ಮಗ್ಗುಲು ಹೊರಳಿಸುವುದು ಎಲ್ಲ ನಾನೇ. ಹಿಡಿದು ಏಳಲಿಕ್ಕೆಂದು ಅವನ ಮಂಚದ ಮೇಲಿನ ತೊಲೆಗೆ ಒಂದು ಹಗ್ಗ ಕಟ್ಟಿದ್ದೆ. ಪ್ರತಿದಿನ ಬೆಳಿಗ್ಗೆ ಅದಕ್ಕೆ ಕೈ ಹಾಕುವ ಮೊದಲು ಅವನು ನನ್ನ ಮುಖ ನೋಡಿ ಕೇಳುತ್ತಿದ್ದ.

"ಬಿಗಿ ಅದ ಏನ್ ತಂಗಿ?"

"ಬಿಗಿ ಅದಣ್ಣ," ಎನ್ನುತ್ತಿದ್ದೆ. ಆದರೂ ಅವನು ಒಮ್ಮೆ ಜಗ್ಗಿ ನೋಡಿಯೇ ಏಳುತ್ತಿದ್ದ.