ಅಕ್ಷರಗಳನ್ನು ಮನೆಗೆ ಕಳಿಸಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಬಾಯಿಂದ ಮಾತು ಹೊರಡಿಸುವುದೆಂದರೆ ಮುಗಿದ ಪೇಸ್ಟಿನ ಟ್ಯೂಬು ಹಿಂಡಿದ ಹಾಗೆ. ಊಟ ಹೇಗಿತ್ತು ಎಂದರೆ "ಇತ್ತು" ಎನ್ನುವ ಜನ. ಚಿಕ್ಕಮ್ಮ ಮದುವೆಯಾದಾಗಿನಿಂದ ಗೋಡೆಯ ಜೊತೆ ಮಾತಾಡಿಕೊಂಡೇ ಸಂಸಾರ ತೂಗಿಸಿದವರು. ಇದಕ್ಕೆಲ್ಲ ಆ ಹಾಳು ಕೆಲಸವೇ ಕಾರಣ ಎಂಬುದು ಅವರ ದೂರು.

ಓಣಿಯ ಕೊನೆಯ ಸಣ್ಣ ಪ್ರೆಸ್ಸಿನಲ್ಲಿ ಚಿಕ್ಕಪ್ಪ ಸೀಸದ ಮೊಳೆ ಜೋಡಿಸುವವರು. ಮರದ ಪೆಟ್ಟಿಗೆಯ ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಮೊಳೆಗಳು. ಅವನ್ನು ಆರಿಸಿ ಸಾಲು ಕಟ್ಟಬೇಕು. ಅಚ್ಚಾದ ಮೇಲೆ ಸಾಲು ಬಿಡಿಸಿ, ಪ್ರತಿ ಮೊಳೆಯನ್ನೂ ಅದರ ಮನೆಗೇ ವಾಪಸ್ ಹಾಕಬೇಕು. ಹಾಕದಿದ್ದರೆ ಮುಂದಿನ ಪುಟಕ್ಕೆ ಅಕ್ಷರವೇ ಇಲ್ಲ. ಅಲ್ಲಂತೂ 'ರ' ಯಾವಾಗಲೂ ಕಮ್ಮಿ. ಅದು ಮುಗಿದಾಗ ಚಿಕ್ಕಪ್ಪ ಗಿರಾಕಿಗೆ, "ಬೇರೆ ಪದ ಹೇಳಿ" ಎನ್ನುತ್ತಿದ್ದರು.

ಕಡೆಗೊಂದು ದಿನ ಪ್ರೆಸ್ಸಿಗೂ ಕಂಪ್ಯೂಟರ್ ಬಂತು. ಯಜಮಾನಿ ಕಡ್ಡಿ ಮುರಿದ ಹಾಗೆ ಹೇಳಿದರು: "ಕಲಿತ್ರೆ ಈ ಕುರ್ಚಿ ನಿಮ್ಮದೇ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ." ಕಲಿಸುವ ಕೆಲಸ ನನ್ನ ತಲೆಗೆ ಬಿತ್ತು. ನಾನು ಕಂಪ್ಯೂಟರ್ ತರಗತಿ ನಡೆಸುವವಳು. ಕೋಪ ಮೂಗಿನ ಮೇಲೇ ಇರುವವಳು.

ಮೊದಲ ದಿನ ಚಿಕ್ಕಪ್ಪ ಮಾನಿಟರಿನ ಮುಖವನ್ನೇ ನೋಡಲಿಲ್ಲ. ಅದರ ಬೆನ್ನ ಹಿಂದೆ ಬಗ್ಗಿ, ವೈರುಗಳನ್ನು ಹಿಡಿದುಕೊಂಡು, ಯಾವುದು ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತ ಮೇಜಿನ ಕೆಳಗೆ ಸೇರಿಬಿಟ್ಟರು. "ಕಾಣೋದಷ್ಟೇ ಮೇಲೆ. ಕೆಲಸ ಎಲ್ಲ ಈ ಡಬ್ಬದಲ್ಲಿ ನಡೆಯುತ್ತೆ" ಎಂದೆ. ಅದರ ಮೇಲೆ ಅಂಗೈಯಿಟ್ಟು, "ಬೆಚ್ಚಗಿದೆ" ಎಂದರು. ಮೌಸು ಮೇಜಿನ ಅಂಚಿಗೆ ಬಂದಾಗ ಮೇಜನ್ನೇ ಸರಿಸಲು ಹೊರಟರು. ಎತ್ತಿ ಈಚೆ ಇಟ್ಟುಕೊಳ್ಳಬಹುದು ಎಂದು ತೋರಿಸಿದ ಮೇಲೆ, ಬಾಣದ ಗುರುತು ಆಗ ಯಾಕೆ ಅಲುಗಲಿಲ್ಲ ಎಂದು ಮತ್ತೆ ಮತ್ತೆ ಎತ್ತಿ ನೋಡಿದರು. ನನ್ನ ತಾಳ್ಮೆ ಅಲ್ಲಿಗೇ ಅರ್ಧ ಖಾಲಿ.

ಕೀಬೋರ್ಡ್ ಸವರುತ್ತಿದ್ದ ಅವರ ಬೆರಳು ನಡುಸಾಲಿನ ಎರಡು ಕೀಗಳ ಮೇಲೆ ನಿಂತವು.

"ಇವೆರಡಕ್ಕೆ ಮಾತ್ರ ಗೆರೆ ಯಾಕೆ?"

"ನೋಡದೇ ತೋರುಬೆರಳು ಇಡೋಕೆ."

"ನಮ್ಮ ಮೊಳೆಗೂ ಗೀರು ಇರುತ್ತೆ. ತಲೆಕೆಳಗಾಗಿ ಹಿಡಿದ್ರೆ ಹೆಬ್ಬೆರಳಿಗೇ ಗೊತ್ತಾಗುತ್ತೆ."

ಅಷ್ಟುದ್ದ ಮಾತು ಕೇಳಿ ನನಗೇ ಗಾಬರಿಯಾಯಿತು.

ಅವರ ಪಾಲಿಗೆ ಬಂದ ಮೊದಲ ಕೆಲಸ, ಸಸಿ ಮಾರುವವನೊಬ್ಬನ ಪುಟ್ಟ ಪುಸ್ತಕ: ಕುಂಡದಲ್ಲಿ ಗಿಡ ಬೆಳೆಸುವುದು ಹೇಗೆ ಅಂತ. ಚಿಕ್ಕಪ್ಪ ಒಂದೊಂದೇ ಪುಟ ಟೈಪು ಮಾಡಿ, ಪ್ರಿಂಟರಿನಿಂದ ಪ್ರತಿ ತೆಗೆದು, ಒಬ್ಬರೇ ಮುಗಿಸಿದರು. ನಾನು ನಡುವೆ ಇಣುಕಿದಾಗ ಸಾಲಿಗೊಮ್ಮೆ ನಿಂತು ಯೋಚಿಸುತ್ತಿದ್ದರು ನಿಜ. ವಯಸ್ಸಲ್ಲವೇ ಎಂದುಕೊಂಡು ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಸಸಿಯವನು ಓಡಿ ಬಂದ. "ತುಂಬಾ ಚೆನ್ನಾಗಿದೆ. ಆದ್ರೆ ನನ್ನ ಗಿರಾಕಿಗಳೆಲ್ಲ ಕನ್ನಡಕದವರು. ಅಕ್ಷರ ದೊಡ್ಡದು ಮಾಡಿ ಇನ್ನಷ್ಟು ಕೊಡಿ. ನಾಳೆ ನಮ್ಮ ದೊಡ್ಡ ಮಾರಾಟ."

"ಕಂಪ್ಯೂಟರಲ್ಲಿ ಅದೇನು ಮಹಾ, ನೀರು ಕುಡಿದಷ್ಟು ಸುಲಭ" ಎಂದು ಯಜಮಾನಿ ಒಪ್ಪಿಕೊಂಡು ನನ್ನನ್ನು ಕರೆಸಿದರು. ಪುಸ್ತಕದ ಫೈಲು ತೆರೆದೆ. ಒಳಗೆ ಒಂದಕ್ಷರವೂ ಇಲ್ಲ.

"ಚಿಕ್ಕಪ್ಪ, ಪುಸ್ತಕ ಎಲ್ಲಿ?"

"ವಾಪಸ್ ಹಾಕಿದೆ."

"ಎಲ್ಲಿಗೆ?"

ಕೀಬೋರ್ಡಿನತ್ತ ಗದ್ದ ಚಾಚಿದರು. "ಅಲ್ಲಿಗೆ."

ಪ್ರತಿ ಪುಟ ಅಚ್ಚಾದ ಮೇಲೂ ಕೊನೆಯ ಅಕ್ಷರದಿಂದ ಹಿಡಿದು ಬ್ಯಾಕ್‌ಸ್ಪೇಸ್ ಒತ್ತೊತ್ತಿ, ಒಂದೊಂದನ್ನೇ ಅದರ ಮನೆಗೆ ಕಳಿಸಿದ್ದರು ಮಹರಾಯರು. ಫೈಲು ಮುಚ್ಚುವಾಗ 'ಉಳಿಸಬೇಕೆ?' ಎಂದು ಯಂತ್ರ ಕೇಳಿದ್ದಕ್ಕೆ, ನಾನು ಕಲಿಸಿದ್ದಂತೆಯೇ ಹೌದು ಎಂದಿದ್ದರು. ಖಾಲಿ ಹಾಳೆಯನ್ನು ಜೋಪಾನವಾಗಿ ಉಳಿಸಿಟ್ಟಿದ್ದರು.

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಯಜಮಾನಿಗೆ ಅಂಥ ಗೊಂದಲವೇನೂ ಇರಲಿಲ್ಲ. "ಸಂಜೆಯೊಳಗೆ ಪುಸ್ತಕ ಆಗದಿದ್ರೆ ನಾಳೆಯಿಂದ ನೀವು ಬರೋದು ಬೇಡ" ಎಂದು ಒಳಗೆ ಹೋದರು.

ನಾನೇ ಟೈಪು ಮಾಡಲು ಕುಳಿತೆ. ಚಿಕ್ಕಪ್ಪ ನನ್ನ ಕೈ ಹಿಡಿದರು. "ನನ್ನ ಕುರ್ಚಿ."

"ಸರಿ, ಕೂತ್ಕೊಳ್ಳಿ. ಆದ್ರೆ ವಾಪಸ್ ಹಾಕೋ ಕೆಲಸ ಬಿಟ್ಟುಬಿಡಿ. ಇದರಲ್ಲಿ ಅಕ್ಷರ ಮುಗಿಯಲ್ಲ."

"ರ?"

"ರ ಕೂಡ."

ನಂಬಲಿಲ್ಲ. 'ರ' ಕೀಯ ಮೇಲೆ ಬೆರಳೂರಿ ಕುಳಿತರು. ಸಾಲು ತುಂಬಿತು, ಪುಟ ತುಂಬಿತು, ಮುಂದಿನ ಪುಟ ಶುರುವಾಯಿತು. "ಹೊತ್ತಾಗ್ತಿದೆ!" ಎಂದು ಕಿರುಚಿದೆ. ಅವರು ಬೆರಳು ಎತ್ತದೆಯೇ ಬಗ್ಗಿ ಡಬ್ಬದ ಕಡೆ ನೋಡಿದರು.

"ಎಲ್ಲಿಂದ ಬರ್ತಿದೆ?"

ಕೋಪದಲ್ಲೂ ಆ ಪ್ರಶ್ನೆ ಇಷ್ಟವಾಯಿತು. "ಒಳಗೆ ಮೊಳೆ ಅಂತ ಏನೂ ಇಲ್ಲ ಚಿಕ್ಕಪ್ಪ. ಅಕ್ಷರ ಬರೆಯೋದು ಹೇಗೆ ಅಂತ ಅದಕ್ಕೆ ಗೊತ್ತು, ಅಷ್ಟೇ. ಕೇಳಿದಾಗೆಲ್ಲ ಹೊಸದಾಗಿ ಬರೆಯುತ್ತೆ."

"ಹಾಗಾದ್ರೆ ನಾನು ವಾಪಸ್ ಹಾಕಿದ್ದು?"

"ಅಳಿಸಿದ್ದು."

ಮುಖ ಸಣ್ಣದಾಯಿತು. ಒಂದು ಕ್ಷಣವಷ್ಟೇ. ಅಚ್ಚಾದ ಪುಸ್ತಕವನ್ನು ಎದುರಿಗಿಟ್ಟುಕೊಂಡು ಶುರು ಮಾಡಿದರು. ಈ ಸಲ ಎಲ್ಲೂ ನಿಲ್ಲಲಿಲ್ಲ. ಸಾಲಿಗೊಮ್ಮೆ ನಿಲ್ಲುತ್ತಿದ್ದುದು ಇನ್ನೆಷ್ಟು ಅಕ್ಷರ ಉಳಿದಿವೆ ಎಂಬ ಚಿಂತೆಯಿಂದ ಎಂದು ನನಗೆ ಆಗ ಹೊಳೆಯಿತು. ಸಂಜೆಗೆ ಮುಂಚೆ ಕೊನೆಯ ಪುಟ ಮುಗಿಯಿತು. ಎಲ್ಲವನ್ನೂ ಆರಿಸಿ ಅಕ್ಷರ ದೊಡ್ಡದು ಮಾಡುವುದನ್ನು ತೋರಿಸಿದೆ. ಪುಸ್ತಕವಿಡೀ ಒಟ್ಟಿಗೇ ಉಬ್ಬಿದ್ದು ಕಂಡು, ಚಿಕ್ಕದು ಮಾಡಿಸಿ ಇನ್ನೊಮ್ಮೆ ದೊಡ್ಡದು ಮಾಡಿಸಿದರು. ಯಜಮಾನಿ ಬಂದು ಪುಟಗಳನ್ನು ತಿರುವಿ ಹಾಕಿ, "ನಾಳೆ ಸ್ವಲ್ಪ ಬೇಗ ಬನ್ನಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಅವರ ಜೊತೆ ಮನೆಗೆ ಹೋದೆ. "ಹೇಗಿತ್ತು ಕೆಲಸ?" ಎಂದು ಚಿಕ್ಕಮ್ಮ ಅಭ್ಯಾಸಬಲದಿಂದ ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಯತ್ತ ತಿರುಗಿದ್ದರು.

"ಕೂತ್ಕೋ, ಹೇಳ್ತೀನಿ" ಎಂದರು ಚಿಕ್ಕಪ್ಪ.

ಹೇಳತೊಡಗಿದರು. ಡಬ್ಬದ ಬಿಸಿ, ಕೀಬೋರ್ಡಿನ ಗೆರೆ, ಸಸಿಯವನ ಗಡಿಬಿಡಿ, ಪುಟ ತುಂಬ ಸುರಿದ ರ, ಯಾವುದನ್ನೂ ಬಿಡಲಿಲ್ಲ. ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಕುಳಿತಿದ್ದರು. ಅವರ ಕಣ್ಣು ತುಂಬಿ ಬಂದಿತ್ತು. "ಇವರಿಗೇನಾಯ್ತೇ ಇವತ್ತು?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಅದು ಚಿಕ್ಕಪ್ಪನಿಗೂ ಕೇಳಿಸಿತು.

"ಅಕ್ಷರ ಮುಗಿಯಲ್ವಂತೆ ಕಣೇ" ಎಂದರು.