ನಾಲ್ಕನೇ ತೊಟ್ಟು

ನಮ್ಮ ಯಜಮಾನರು ಕೂತಿದ್ದನ್ನು ನೋಡಬೇಕೆಂದರೆ ವ್ಯಾನಿನ ಸ್ಟಿಯರಿಂಗ್ ಹಿಂದೆಯೇ ನೋಡಬೇಕು. ಅಲ್ಲೂ ಪೂರ್ತಿ ಕೂತಿರುವುದಿಲ್ಲ. ಸೀಟಿನ ಅಂಚಿಗೆ ಬಂದು, ಮುಂದಿನ ಗಾಡಿಯನ್ನು ಎದೆ ಕೊಟ್ಟು ನೂಕುವವರ ಹಾಗೆ ಬಾಗಿರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಿದ್ದಾರೆ. ಮಕ್ಕಳು ಇಟ್ಟ ಹೆಸರು ಹಾರ್ನ್ ಮಾಮ. ಆ ಹೆಸರಿಟ್ಟವರೇ ಈಗ ತಮ್ಮ ಮಕ್ಕಳನ್ನು ವ್ಯಾನಿಗೆ ಹತ್ತಿಸುತ್ತಾ "ಹಾರ್ನ್ ಮಾಮ ಬಂದ್ರು, ಓಡು ಓಡು" ಅನ್ನುತ್ತಾರೆ. ಇವರಿಗೋ, ಬಿರುದು ಸಿಕ್ಕಷ್ಟು ಖುಷಿ.

ನಮ್ಮ ಮದುವೆ ಫೋಟೋದಲ್ಲಿ ನಾನೊಬ್ಬಳೇ ನೆಟ್ಟಗೆ ಕಾಣುತ್ತೇನೆ. ಪಕ್ಕದಲ್ಲಿ ಮಸುಕು ಮಸುಕಾಗಿ ಏನೋ ಇದೆಯಲ್ಲ, ಅದೇ ಇವರು. ಊಟಕ್ಕೆ ಕೂತರೆ ನಾನು ಎರಡನೇ ತುತ್ತು ಎತ್ತುವಷ್ಟರಲ್ಲಿ ಇವರು ಕೈ ತೊಳೆಯುವ ಸದ್ದು. ಸಿನಿಮಾಕ್ಕೆ ಹೋದರೆ ಕೊನೆಯ ಹತ್ತು ನಿಮಿಷ ನೋಡಿದ್ದೇ ಇಲ್ಲ. "ಆಮೇಲೆ ಗಾಡಿ ತೆಗೆಯೋಕೆ ರಶ್ ಆಗುತ್ತೆ ಕಣೇ" ಎಂದು ಎಬ್ಬಿಸಿಕೊಂಡು ಬಂದುಬಿಡುತ್ತಾರೆ. ಯಾವ ಕಥೆಯಲ್ಲಿ ಯಾರು ಸತ್ತರು, ಯಾರು ಉಳಿದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ನಾನೂ ಬಾಯಿ ಜೋರು ಮಾಡಿಕೊಂಡೆ. ಕೆಟ್ಟ ಮನುಷ್ಯ ಅಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಮನುಷ್ಯ, ಅಷ್ಟೇ.

ಇಂಥವರ ಕೈಗೆ ಹಸು ಬಂತು ನೋಡಿ!

ತಂದಿದ್ದು ಪಕ್ಕದ ಮನೆ ಟೀಚರ್ ಮಾತು ಕಟ್ಟಿಕೊಂಡು. ರಿಟೈರ್ ಆದ ಮೇಲೆ ಅವರಿಗೆ ಹಸಿ ಹಾಲಿನ ಹುಚ್ಚು ಹಿಡಿಯಿತು. ಕಾಯಿಸಬಾರದು, ಸೋಸಬೇಕು, ನೊರೆ ಇರುವಾಗಲೇ ನಿಂತು ಗಟಗಟ ಕುಡಿಯಬೇಕು. ಆದರೆ ಕಾಯಿಲೆ ಹರಡೀತೆಂದು ನಮ್ಮ ಊರಲ್ಲಿ ಹಸಿ ಹಾಲನ್ನು ಮನೆಮನೆಗೆ ಮಾರುವುದನ್ನು ಪುರಸಭೆಯವರು ನಿಲ್ಲಿಸಿದ್ದರು. "ಮಾರೋದು ತಾನೇ ತಪ್ಪು? ನನ್ನ ಹಸು ಹಾಲು ನಾನು ಕುಡಿದ್ರೆ ಯಾರು ಕೇಳ್ತಾರೆ?" ಎಂದು ಟೀಚರ್ ದಾರಿ ಹುಡುಕಿದರು. ನಮ್ಮ ಹಿತ್ತಲಲ್ಲಿ ಹಳೇ ವ್ಯಾನ್ ನಿಲ್ಲಿಸುತ್ತಿದ್ದ ಶೆಡ್ ಖಾಲಿ ಇತ್ತು. ನಾಲ್ಕು ಜನ ಸಮಪಾಲು ಹಾಕಿ ಒಂದು ಕೆಂಪು ಹಸು ತಂದೆವು. ಟೀಚರ್ ಒಬ್ಬರು, ಇವರ ಅಣ್ಣ ಅಂದರೆ ನಮ್ಮ ಭಾವ ಒಬ್ಬರು, ನಾವು, ಮತ್ತೆ ಇವರ ತಂಗಿ, ನನ್ನ ನಾದಿನಿ.

ನಾದಿನಿ ಗಂಡನನ್ನು ಕಳೆದುಕೊಂಡು ಆರು ವರ್ಷ. ಎರಡು ಬೀದಿ ಆಚೆ ಒಂದೇ ಒಂದು ಕೋಣೆ ಹಿಡಿದು ಬಟ್ಟೆ ಹೊಲಿಯುತ್ತಾಳೆ. ನಮ್ಮ ಮನೆಯಲ್ಲೇ ಇರು ಅಂದರೆ ಒಪ್ಪಲಿಲ್ಲ. ಸುಮ್ಮನೆ ಬಂದು ಹೋಗು ಅಂದರೂ ಸಂಕೋಚ, ಬಂದರೆ ಬಾಗಿಲಲ್ಲೇ ನಿಂತು ಮಾತಾಡಿ ಹೊರಟುಬಿಡುತ್ತಿದ್ದಳು. ಹಸುವಿಗೆ ಪಾಲು ಸೇರುತ್ತೀಯಾ ಅಂದಾಗ ಮಾತ್ರ ಎಲ್ಲರಿಗಿಂತ ಮೊದಲು ಹ್ಞೂಂ ಅಂದಳು. ಅಲ್ಲಿಂದ ದಿನಾ ಸಂಜೆ ಕ್ಯಾನ್ ಬೀಸಿಕೊಂಡು ನೇರ ಹಿತ್ತಲಿಗೆ ಬರುವಳು. ಇವರು ಹಾಲು ಕರೆಯುವಾಗ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಹರಟೆ. "ನಮ್ಮ ಹಸು ಇವತ್ತು ಯಾರಿಗೆ ಒದೀತಂತೆ?" ಎಂದೇ ಶುರು. ನಮ್ಮದು ಎನ್ನುವ ಮಾತು ಅವಳ ಬಾಯಲ್ಲಿ ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ.

ಹಸು ಇವರನ್ನು ಬಿಟ್ಟರೆ ಯಾರಿಗೂ ಕೆಚ್ಚಲು ಮುಟ್ಟಲು ಬಿಡದು. ನಾನು ಹತ್ತಿರ ಹೋದರೆ ಬಾಲದಲ್ಲಿ ಮುಖಕ್ಕೇ ಬಾರಿಸುತ್ತಿತ್ತು. ಹಾಗಾಗಿ ಕರೆಯುವುದು ಇವರ ಕೆಲಸ, ಕ್ಯಾನ್ ತೊಳೆದಿಡುವುದು, ಮುಚ್ಚಳ ಹಾಕುವುದು ನನ್ನದು. ಬೆಳಗಿನ ಹಾಲನ್ನು ಇವರೇ ವ್ಯಾನಿನಲ್ಲಿ ಹಾಕಿಕೊಂಡು ದಾರಿಯಲ್ಲಿ ಮನೆಗಳಿಗೆ ಇಳಿಸಿ ಹೋಗುವರು.

ಎರಡು ತಿಂಗಳು ಸುಖವಾಗಿತ್ತು. ಆಮೇಲೆ ಟೀಚರ್ ತಕರಾರು ತೆಗೆದರು. "ಮೊದಲು ಕರೆದ ಹಾಲು ನೀರು ನೀರು, ಕೊನೇದು ಗಟ್ಟಿ. ನನ್ನ ಕ್ಯಾನಿಗೆ ಯಾವಾಗಲೂ ಮೊದಲಿಂದೇ ಬೀಳ್ತಿದೆ" ಅಂತ. ಎಲ್ಲ ಒಟ್ಟಿಗೆ ಸುರಿದು ಹಂಚಿಬಿಡಿ ಎಂದು ನಾನಂದೆ. ಅಷ್ಟು ಸುಲಭಕ್ಕೆ ಮುಗಿದರೆ ನಮ್ಮ ಭಾವ ಯಾಕೆ ಬೇಕು? ಅವರು ಕಚೇರಿ ಎದುರು ಕೂತು ಕರಾರು ಪತ್ರ ಬರೆಯುವವರು. ಕಾಗದದಲ್ಲಿ ಇಲ್ಲದ್ದು ಅವರ ಪಾಲಿಗೆ ಪ್ರಪಂಚದಲ್ಲೇ ಇಲ್ಲ. "ಪಾಲುದಾರರು ನಾಲ್ಕು, ತೊಟ್ಟು ನಾಲ್ಕು. ತಲೆಗೊಂದು. ಮೊದಲ ಹನಿಯಿಂದ ಕೊನೇ ಹನಿವರೆಗೂ ಅವರವರದ್ದು ಅವರವರಿಗೆ" ಎಂದು ಟೈಪ್ ಹೊಡೆದು ತಂದು ಎಲ್ಲರ ಸಹಿ ಹಾಕಿಸಿದರು. ಹಸುವಿನ ಹೆಬ್ಬೆಟ್ಟು ಒಂದು ಬಾಕಿ ಇತ್ತು. ಚೀಟಿ ಎತ್ತಿದಾಗ ಹಿಂದಿನ ಬಲ ತೊಟ್ಟು ನಾದಿನಿಗೆ ಬಂತು.

ನಾಲ್ಕು ಕ್ಯಾನು, ಒಂದಾದ ಮೇಲೊಂದು ತೊಟ್ಟು. ಮೊದಲು ಟೀಚರದ್ದು, ಹೊರಗಿನವರಲ್ಲವೇ! ಆಮೇಲೆ ಭಾವನದ್ದು, ದೊಡ್ಡವರು. ಆಮೇಲೆ ನಮ್ಮದು. ಕೊನೆಗೆ ನಾದಿನಿಯದ್ದು. "ಅವಳು ನಮ್ಮ ಹುಡುಗಿ, ಏನೂ ಅಂದ್ಕೊಳ್ಳಲ್ಲ" ಅಂದರು ಇವರು.

ಸಂಜೆ ತೊಂದರೆಯಿಲ್ಲ, ಅವಳೇ ಎದುರಿಗೆ ಕೂತಿರುತ್ತಿದ್ದಳು. ಬೆಳಗ್ಗೆ ಇತ್ತಲ್ಲ, ಅದೇ ಯುದ್ಧ. ಮೂರನೇ ತೊಟ್ಟು ಮುಗಿಯುವಷ್ಟರಲ್ಲಿ ಇವರ ಕಣ್ಣು ಕೈಗಡಿಯಾರಕ್ಕೆ ಅಂಟಿರುತ್ತಿತ್ತು. ನಾನು ಅಡುಗೆಮನೆ ಕಿಟಕಿಯಿಂದ "ರೀ, ಏಳೂಕಾಲು! ಮಕ್ಕಳು ಗೇಟಲ್ಲಿ ನಿಂತಿರ್ತಾರೆ!" ಎಂದು ಕೂಗುತ್ತಿದ್ದೆ. ನಾಲ್ಕನೆಯದನ್ನು ಹತ್ತು ಸಲ ಎಳೆದು, ಒಳಗಿನ್ನೂ ಹಾಲಿರುವಾಗಲೇ ಎದ್ದುಬಿಡುತ್ತಿದ್ದರು. ಹಸು ಹಿಂತಿರುಗಿ ನೋಡುತ್ತಿತ್ತು. ವ್ಯಾನ್ ಆಗಲೇ ಬೀದಿ ತಿರುವಿನಲ್ಲಿ ಬಡಬಡ ಹಾರ್ನ್ ಹೊಡೆಯುತ್ತಿತ್ತು.

ಹೀಗೇ ತಿಂಗಳ ಮೇಲಾಯಿತು. ಒಂದು ದಿನ ಆ ತೊಟ್ಟಿನ ಬುಡ ಊದಿಕೊಂಡು ಕಲ್ಲಾಗಿತ್ತು. ಮುಟ್ಟಿದರೆ ಬಿಸಿ, ಹಿಂಡಿದರೆ ಒಡೆದ ಹಾಲಿನಂಥ ಗರಣೆ. ಪಶುವೈದ್ಯರು ಬಂದು ಕೆಚ್ಚಲು ಬಾವು ಅಂದರು, ಸೂಜಿ ಹಾಕಿದರು, ತಾವು ಹೇಳುವವರೆಗೂ ಯಾರೂ ಈ ಹಸುವಿನ ಹಾಲು ಮುಟ್ಟಬೇಡಿ ಅಂದರು. ಕೈ ತೊಳೆಯುತ್ತಾ ಇವರನ್ನು ಕೇಳಿದರು.

"ಈ ತೊಟ್ಟನ್ನ ಪೂರ್ತಿ ಕರೀತಿದ್ರಾ? ಹಾಲು ಉಳಿಸಿಬಿಟ್ರೂ ಹೀಗಾಗುತ್ತೆ."

"ಪೂರ್ತಿ ಕರೀತಿದ್ದೆ ಸಾರ್" ಅಂದರು ಇವರು, ಕಣ್ಣು ಮಿಟುಕಿಸದೆ.

ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹೇಳಲು ಅವರಿಗೆ ಪುರುಸೊತ್ತೇ ಇರಲಿಲ್ಲ.

ಮೂರು ವಾರಕ್ಕೆ ಹಸು ಚೇತರಿಸಿಕೊಂಡಿತು. ಆ ತೊಟ್ಟು ಮಾತ್ರ ಬತ್ತಿಹೋಯಿತು, ಒಂದು ಹನಿಯೂ ಇಲ್ಲ. ಭಾವ ಕಾಗದ ಹಿಡಿದು ಬಂದರು. ಕೆಟ್ಟವರೇನಲ್ಲ, ಮುಖ ಅವರದ್ದೂ ಸಣ್ಣದಾಗಿತ್ತು.

"ನೋಡಮ್ಮಾ, ಬರೆದಿರೋದು ಹೀಗೆ. ತೊಟ್ಟು ಬತ್ತಿದ್ರೆ ಆ ಪಾಲಿಗೆ ಹಾಲಿಲ್ಲ. ಕರೆಯೋನ ತಪ್ಪಿಂದ ಆಗಿದ್ರೆ ಅವನ ಪಾಲು ನಿಂಗೆ ಬರ್ತಿತ್ತು. ತಾನಾಗೇ ಬಂದ ಕಾಯಿಲೆಗೆ ಯಾರನ್ನ ಹಿಡಿಯೋಣ ಹೇಳು?"

ನಾನು ಇವರ ಕಡೆ ನೋಡಿದೆ. ಇವರು ವ್ಯಾನಿನ ಬೀಗದ ಕೈ ತಿರುಗಿಸುತ್ತಾ ಹಸುವಿನ ಕಿವಿ ನೋಡುತ್ತಿದ್ದರು. ಟೀಚರ್ "ಪಾಪ, ಏನಾದ್ರೂ ಮಾಡೋಣ" ಎಂದು ರಾಗ ಎಳೆದರು. ನಾದಿನಿ ಎಲ್ಲರ ಮುಖ ಒಂದು ಸುತ್ತು ನೋಡಿ "ಇರಲಿ ಬಿಡಿ ದೊಡ್ಡಣ್ಣ. ನನ್ನ ಹಣೆಬರಹ" ಎಂದಳು. ಖಾಲಿ ಕ್ಯಾನ್ ಎತ್ತಿಕೊಂಡು ಹೋದಳು.

ಮಾರನೇ ಸಂಜೆ ಬರಲಿಲ್ಲ. ಅದರ ಮಾರನೇ ಸಂಜೆಯೂ ಇಲ್ಲ. ನಮ್ಮ ಹಾಲಿನಲ್ಲೇ ಒಂದು ಕ್ಯಾನ್ ತುಂಬಿ ವ್ಯಾನಿನಲ್ಲಿ ಕಳಿಸಿದೆ. ಹೋದ ಹಾಗೇ ವಾಪಸ್ ಬಂತು. "ಪಾಲು ಇಲ್ದೆ ತಗೊಂಡ್ರೆ ಬೇಡಿದ ಹಾಗಾಗುತ್ತೆ ಅಂದ್ಲು" ಎಂದರು ಇವರು, ಕ್ಯಾನನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು. ನಾದಿನಿಯ ಸ್ವಭಾವ ನನಗೆ ಗೊತ್ತು. ಪಾಲು ಹೋದರೆ ಅವಳೂ ಹೋದ ಹಾಗೆ. ಇನ್ನು ಯಾವುದಾದರೂ ಸಾವಿಗೋ ಮದುವೆಗೋ ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಎದ್ದು ಹೋಗುವ ನೆಂಟಳಾಗಿಬಿಡುತ್ತಾಳೆ.

ಇವರ ಅವಸ್ಥೆ ಏನು ಹೇಳಲಿ! ಮೊದಲೇ ನಿಂತಲ್ಲಿ ನಿಲ್ಲದವರು, ಈಗ ಬಾಲ ಸುಟ್ಟ ಬೆಕ್ಕು. ಹಿತ್ತಲಿಗೆ ಹೋಗುವುದು, ಬರುವುದು, ಬಾಗಿಲ ಚಿಲಕ ಹಾಕುವುದು, ತೆಗೆಯುವುದು. ಟೀ ಕೊಟ್ಟರೆ ಕೈಯಲ್ಲೇ ಆರುತ್ತಿತ್ತು. ಸಂಜೆ ಹಾಲು ಕರೆಯುವಾಗ ಮೆಟ್ಟಿಲ ಕಡೆ ಬೆನ್ನು ಮಾಡಿ ಕೂರುವರು. ವ್ಯಾನನ್ನು ಬೇಕೆಂದೇ ತಂಗಿಯ ಬೀದಿಗೆ ತಿರುಗಿಸಿ, ಅವಳ ಬಾಗಿಲ ಮುಂದೆ ನಿಧಾನ ಮಾಡಿ, ಆಮೇಲೆ ಹಾರ್ನ್ ಹೊಡೆಯುತ್ತಾ ಓಡಿಹೋಗುತ್ತಾರಂತೆ. ಮಕ್ಕಳೇ ಬಂದು ಹೇಳಿದವು, "ಆಂಟಿ, ರೋಡಲ್ಲಿ ಯಾರೂ ಇಲ್ದೇ ಇದ್ರೂ ಹಾರ್ನ್ ಹೊಡೀತಾರೆ".

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ಭಾನುವಾರ ಮಧ್ಯಾಹ್ನ ತಡೆಯಲಾಗಲಿಲ್ಲ.

"ಏನ್ರೀ, ಇನ್ನೆಷ್ಟು ದಿನ ಈ ಮೆರವಣಿಗೆ? ಹೋಗಿ ಹೇಳ್ತೀರೋ, ನಾನೇ ಹೇಳ್ಲೋ?"

"ಏನಂತ ಹೇಳ್ಲಿ?"

"ಇದ್ದದ್ದು ಇದ್ದ ಹಾಗೆ! ಒಡಹುಟ್ಟಿದವಳ ಪಾಲನ್ನ ಅರ್ಧಕ್ಕೆ ಬಿಟ್ಟು ಎದ್ದೋದೆ ಅಂತ. ಡಾಕ್ಟರ ಹತ್ರ ಸುಳ್ಳು ಹೇಳ್ದೆ ಅಂತ. ಎರಡು ಮಾತಿಗೆ ನಾಲಿಗೆ ಸವೆದು ಹೋಗುತ್ತಾ?"

"ಅವಳು ಮುಖ ತಿರುಗಿಸಿಬಿಟ್ರೆ?"

"ಈಗೇನು ನಿಮ್ಮ ಕಡೆ ತಿರುಗಿಸಿಕೊಂಡು ಕೂತಿದ್ದಾಳಾ? ತಪ್ಪು ಮಾಡೋಕೆ ಧೈರ್ಯ ಇತ್ತು, ಒಪ್ಪಿಕೊಳ್ಳೋಕೆ ಇಲ್ವಾ?"

ಇನ್ನೂ ಏನೇನೋ ಅಂದೆ. ಕೇಳಿದವರು ನನ್ನನ್ನು ನ್ಯಾಯಾಧೀಶೆ ಅಂದುಕೊಳ್ಳಬೇಕು, ಹಾಗೆ. ಇವರು ಚಪ್ಪಲಿ ಮೆಟ್ಟಿದರು, ನಾನೂ ಹಿಂದೆಯೇ ಹೊರಟೆ. ಬಿಟ್ಟರೆ ದಾರಿಯಲ್ಲೇ ತಿರುಗಿಬರುವ ಆಸಾಮಿ.

ನಾದಿನಿ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಕೋಣೆ ತುಂಬ ನೀಲಿ ಬಟ್ಟೆಯ ಚೂರು, ಮಂಚದ ಮೇಲೆ ಗುಂಡಿಯಿಲ್ಲದ ಅಂಗಿಗಳ ರಾಶಿ. ನಮ್ಮನ್ನು ನೋಡಿ ಗಡಬಡಿಸಿ ರಾಶಿ ಸರಿಸಿ ಜಾಗ ಮಾಡಿದಳು. ಇವರು ಕೂರಲಿಲ್ಲ. ಮಿಷನ್ ಪಕ್ಕ ನಿಂತು, ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಒಂದೇ ಉಸಿರಿಗೆ ಎಲ್ಲ ಹೇಳಿದರು. ಬೆಳಗಿನ ಅವಸರ, ನಾಲ್ಕನೇ ತೊಟ್ಟು, ಉಳಿಸಿಬಿಟ್ಟ ಹಾಲು, ಡಾಕ್ಟರಿಗೆ ಹೇಳಿದ ಸುಳ್ಳು. "ಹಾಳು ಮಾಡಿದ್ದು ನಾನು. ನನ್ನ ತೊಟ್ಟು ಇನ್ಮೇಲೆ ನಿಂದು. ಅಣ್ಣಂಗೂ ಹೇಳ್ತೀನಿ, ಕಾಗದದಲ್ಲೂ ಬರೆಸ್ತೀನಿ. ಬೈದುಬಿಡೇ" ಅಂದರು.

ಅವಳು ಬೈಯಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತಾ "ಅವಸರಕ್ಕಾ ಅಣ್ಣ? ಬರೀ ಅವಸರಕ್ಕಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಮಿಷನ್ ಮೇಲಿದ್ದ ಬಟ್ಟೆಯಲ್ಲೇ ಮುಖ ಒರೆಸಿಕೊಂಡು ನನ್ನ ಕೈ ಹಿಡಿದುಕೊಂಡಳು.

"ಅತ್ತಿಗೆ, ನನ್ನನ್ನ ಕ್ಷಮಿಸಿಬಿಡಿ. ನಾನು ನಿಮ್ಮ ಬಗ್ಗೆ ಏನೇನೋ ಅಂದ್ಕೊಂಡುಬಿಟ್ಟಿದ್ದೆ."

"ನನ್ನ ಬಗ್ಗೆನಾ? ಏನಂತ?"

"ಸಂಜೆ ನಾನು ಎದುರಿಗಿದ್ದಾಗ ಕ್ಯಾನ್ ತುಂಬಾ ಇರ್ತಿತ್ತು. ಬೆಳಗ್ಗೆ ವ್ಯಾನಲ್ಲಿ ಬಂದ್ರೆ ಅರ್ಧಾನೂ ಇರ್ತಿರಲಿಲ್ಲ. ಒಂಟಿ ಹೆಂಗಸು, ಇವಳಿಗೆ ಎಷ್ಟು ಬೇಕು ಅಂತ ಅತ್ತಿಗೆ ತೆಗೆದಿಟ್ಕೋತಿದ್ದಾರೆ ಅಂದ್ಕೊಂಡೆ. ದಿನಾ ಹಾಗೇ ಅಂದ್ಕೊಂಡು ಸುಮ್ಮನಿದ್ದೆ. ತೊಟ್ಟು ಬತ್ತಿದಾಗ ಒಂದು ಥರ ಒಳ್ಳೇದೇ ಆಯ್ತು ಅನ್ನಿಸ್ತು, ಇನ್ಮೇಲೆ ಅಳೆದು ನೋಡೋದು ತಪ್ತಲ್ಲ ಅಂತ. ಛೆ, ಎಂಥಾ ಕೆಟ್ಟ ಬುದ್ಧಿ ನಂದು!"

ನಾನು ಅವಳ ಹಾಲಿನಲ್ಲಿ ಒಂದು ಲೋಟವೂ ತೆಗೆದವಳಲ್ಲ. ಅದು ಸತ್ಯ. ಆದರೆ ದಿನಾ ಬೆಳಗ್ಗೆ ಆ ನಾಲ್ಕು ಕ್ಯಾನಿಗೆ ಮುಚ್ಚಳ ಹಾಕುತ್ತಿದ್ದವಳು ನಾನೇ. ಮೂರು ತುಂಬಿರುತ್ತಿದ್ದವು, ಒಂದು ಅರ್ಧ ಇರುತ್ತಿತ್ತು. ಪಕ್ಕದಲ್ಲೇ ಇದ್ದ ನಮ್ಮದರಿಂದ ಒಂದಿಷ್ಟು ಸುರಿಯಬಹುದಿತ್ತು. ಒಂದು ನಿಮಿಷ ತಡವಾಗಲಿ, ಪೂರ್ತಿ ಕರೆದು ಏಳಿ ಎಂದು ಕಿಟಕಿಯಿಂದ ಕೂಗಬಹುದಿತ್ತು. ಅವಳ ಕ್ಯಾನಿನ ಮುಚ್ಚಳ ತಿರುಗಿಸುವಾಗ ನನ್ನ ಮನಸ್ಸಿಗೆ ಬರುತ್ತಿದ್ದ ಮಾತು, ಅವಳು ಈಗ ಹೇಳಿದಳಲ್ಲ, ಅಕ್ಷರಕ್ಕೆ ಅಕ್ಷರ ಅದೇ: ಒಂಟಿ ಹೆಂಗಸು, ಇವಳಿಗೆ ಎಷ್ಟು ಬೇಕು.

ಇವರು ಹಗುರಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳು ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ, ಕ್ಷಮಿಸಿದೆ ಅನ್ನಲಿ ಎಂದು ಕಾಯುತ್ತಿದ್ದಳು. ನಾನು ಬಾಯಿ ತೆರೆದೆ.

"ಇರಲಿ ಬಿಡೇ, ನಾನೇನೂ ಮನಸ್ಸಿಗೆ ಹಚ್ಕೊಳ್ಳಲ್ಲ" ಅಂದೆ.